ಕಾರ್ಡ್ ಯಜಮಾನರ ಹೆಸರಲ್ಲಿ, ಕ್ಯೂ ಮಾತ್ರ ಮನೆಯವರದ್ದು

2023ರ ಜನವರಿ 15ರಂದು ಸೇನಾ ದಿನದ ಪರೇಡ್ ಮೊದಲ ಬಾರಿಗೆ ದೆಹಲಿ ಬಿಟ್ಟು ಹೊರಗೆ ನಡೆಯಿತು. ಅದೂ ನಮ್ಮ ಬೆಂಗಳೂರಿನಲ್ಲಿ, ಎಂಇಜಿ ಮೈದಾನದಲ್ಲಿ. ಎಲ್ಲ ಚಾನೆಲ್‌ಗಳೂ ಲೈವ್ ಕೊಟ್ಟವು, ನಾವೂ ಕೊಟ್ಟೆವು. 1949ರ ಅದೇ ದಿನ ಕೊಡಗಿನ ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ದಂಡನಾಯಕರಾದರು ಅಂತ ಹೆಮ್ಮೆಯಿಂದ ಹೇಳಿದೆವು. ಕುದುರೆ, ಟ್ಯಾಂಕು, ಹೆಲಿಕಾಪ್ಟರ್ ಎಲ್ಲ ತೋರಿಸಿದೆವು. ತೋರಿಸಲೇಬೇಕು, ಅದರಲ್ಲಿ ತಪ್ಪೇನಿಲ್ಲ.

ಆದರೆ ಸೈನಿಕರ ಬಗ್ಗೆ ಕಾರ್ಯಕ್ರಮ ಮಾಡಿದಾಗಲೆಲ್ಲ ಆಮೇಲೆ ಬರುವ ಫೋನ್‌ಗಳೇ ಬೇರೆ ಥರ ಇರ್ತವೆ ಸ್ವಾಮಿ. ಮಾತಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. "ಸಾರ್, ನಮ್ಮ ಯಜಮಾನ್ರು ಮಿಲಿಟ್ರಿಲಿ ಇದ್ರು. ತೀರಿಕೊಂಡು ಎಂಟು ತಿಂಗಳಾಯ್ತು. ಅವರ ಕಾರ್ಡಿನಲ್ಲಿ ನನಗೆ ಆಸ್ಪತ್ರೇಲಿ ತೋರಿಸ್ತಾರಾ?" "ಮಗ ಆರ್ಮಿಲಿದಾನೆ, ನನ್ನ ಮೊಣಕಾಲಿನ ಆಪರೇಷನ್ ಫ್ರೀ ಆಗುತ್ತಂತೆ, ಎಲ್ಲಿಗೆ ಹೋಗ್ಬೇಕು?" "ಕಾರ್ಡ್ ಇದೆ, ಆದ್ರೂ ಆಸ್ಪತ್ರೆಯವರು ಮೊದಲು ದುಡ್ಡು ಕಟ್ಟಿ ಅಂತಿದಾರೆ." ಪರೇಡಿನ ಬಗ್ಗೆ ಯಾರೂ ಕೇಳೋದಿಲ್ಲ. ಹಾಗಾಗಿ ಇವತ್ತು ಆ ಫೋನ್‌ಗಳಿಗೆ ಉತ್ತರ. ಸೈನಿಕನ ಹೆಂಡತಿ, ಮಕ್ಕಳು, ಅಪ್ಪ-ಅಮ್ಮ ಕಾಯಿಲೆ ಬಿದ್ದರೆ ದೇಶ ಅವರಿಗೆ ನಿಜವಾಗಿ ಏನು ಕೊಡುತ್ತದೆ? ಕೊಟ್ಟದ್ದು ಮನೆ ಬಾಗಿಲಿಗೆ ಬರುವ ದಾರಿಯಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಮೊದಲಿಗೆ ಒಂದು ಗೊಂದಲ ಕಳೆದುಕೊಳ್ಳೋಣ. ನಮ್ಮ ಹಳ್ಳಿಗಳಲ್ಲಿ ಯೂನಿಫಾರ್ಮ್ ಹಾಕಿ ಗಡಿಯಲ್ಲಿ ನಿಂತವರೆಲ್ಲ 'ಮಿಲಿಟ್ರಿ'ಯವರೇ. ಬಿಎಸ್‌ಎಫ್ ಕೂಡ ಮಿಲಿಟ್ರಿ, ಸಿಆರ್‌ಪಿಎಫ್ ಕೂಡ ಮಿಲಿಟ್ರಿ. ಸರ್ಕಾರದ ಲೆಕ್ಕದಲ್ಲಿ ಹಾಗಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆ ರಕ್ಷಣಾ ಇಲಾಖೆಗೆ ಸೇರಿದವು. ಬಿಎಸ್‌ಎಫ್, ಸಿಆರ್‌ಪಿಎಫ್ ಗೃಹ ಇಲಾಖೆಯವು. ಇಬ್ಬರೂ ಗುಂಡಿಗೆ ಎದೆ ಕೊಡ್ತಾರೆ, ಆದರೆ ಆಸ್ಪತ್ರೆಯ ಕೌಂಟರಿನಲ್ಲಿ ಅವರ ಸಾಲು ಬೇರೆ ಬೇರೆ. ನಾನು ಇಲ್ಲಿ ಹೇಳುತ್ತಿರುವುದು ಮೂರು ಸೇನೆಗಳ ಕುಟುಂಬಗಳ ಬಗ್ಗೆ. ಬಿಎಸ್‌ಎಫ್‌ನಿಂದ ನಿವೃತ್ತರಾದವರ ಮನೆಯವರು ಸೈನಿಕರ ಪಾಲಿಕ್ಲಿನಿಕ್‌ಗೆ ಹೋಗಿ ವಾಪಸ್ ಬಂದು ಬೇಜಾರು ಮಾಡಿಕೊಳ್ಳೋದನ್ನ ಕೇಳಿದ್ದೇನೆ. ಅವರದ್ದು ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ, ಅಂದರೆ ಸಿಜಿಎಚ್‌ಎಸ್ ದಾರಿ. ಅದರ ಕೇಂದ್ರಗಳು ದೊಡ್ಡ ಊರುಗಳಲ್ಲೇ ಹೆಚ್ಚು ಅನ್ನೋದು ಇನ್ನೊಂದು ಕಥೆ.

ಗಂಡ ಇನ್ನೂ ಸೇವೆಯಲ್ಲಿದ್ದರೆ ವ್ಯವಸ್ಥೆ ಸರಳ. ಸೇನೆಯ ಸ್ವಂತ ಆಸ್ಪತ್ರೆಗಳಿವೆ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇದೆ. ಬೆಳಗಾವಿಯಲ್ಲಿ ಮಿಲಿಟರಿ ಆಸ್ಪತ್ರೆ, ಕಾರವಾರದಲ್ಲಿ ನೌಕಾಪಡೆಯ ಐಎನ್‌ಎಚ್‌ಎಸ್ ಪತಂಜಲಿ. ಹೆಂಡತಿ, ಮಕ್ಕಳು ಮತ್ತು ಅವಲಂಬಿತ ಅಪ್ಪ-ಅಮ್ಮನಿಗೆ ಅಲ್ಲಿ ಚಿಕಿತ್ಸೆ. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಹೊರಗಿನ ಆಸ್ಪತ್ರೆಗೆ ಬರೆದು ಕಳಿಸುತ್ತಾರೆ. ಗಂಡನ ಜೊತೆ ಕಂಟೋನ್ಮೆಂಟಿನಲ್ಲೇ ಮನೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇರೆ ಇಲ್ಲ ಅಂತ ಅವರೇ ಹೇಳ್ತಾರೆ.

ಆದರೆ ಎಷ್ಟು ಜನ ಜೊತೆಗಿರ್ತಾರೆ? ಗಂಡ ಲೇಹ್‌ನಲ್ಲಿ, ಹೆಂಡತಿ ಬೈಲಹೊಂಗಲದಲ್ಲಿ. ಫೀಲ್ಡ್ ಪೋಸ್ಟಿಂಗ್ ಅಂದರೆ ಮನೆಯವರನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಮಗುವಿಗೆ ರಾತ್ರಿ ಜ್ವರ ಬಂದರೆ ಆಕೆಗೆ ಸಿಗೋದು ಊರಿನ ಡಾಕ್ಟರೇ ಹೊರತು ಮಿಲಿಟರಿ ಆಸ್ಪತ್ರೆ ಅಲ್ಲ. ಬೆಳಗಾವಿ ಹತ್ತಿರ ಅನ್ನಬಹುದು. ವಿಜಯಪುರದ, ಬಾಗಲಕೋಟೆಯ ಹಳ್ಳಿಯವರು ಏನು ಮಾಡಬೇಕು? ಹಾಗಂತ ಹಕ್ಕು ಇಲ್ಲ ಅಂತಲ್ಲ. ಹಕ್ಕು ಇದೆ, ಬಸ್ ಚಾರ್ಜು ಕೂಡ ಇದೆ. ಆಕೆಯ ಹತ್ತಿರ ಅವಲಂಬಿತರ ಗುರುತಿನ ಕಾರ್ಡ್ ಇರಬೇಕು, ಅದನ್ನು ಗಂಡನ ಯೂನಿಟ್ ಮಾಡಿಸಿಕೊಡಬೇಕು. ರಜೆಗೆ ಬಂದ ಗಂಡ ಮನೆಗೆ ಬಣ್ಣ ಹೊಡೆಸುತ್ತಾನೆ, ಟಿವಿ ತರ್ತಾನೆ. ಆ ಕಾರ್ಡಿನ ಕೆಲಸ ಮಾತ್ರ ಮುಂದಿನ ರಜೆಗೆ ಹೋಗುತ್ತದೆ.

ಈಗ ನಿವೃತ್ತರ ಮನೆಗೆ ಬರೋಣ. ಫೋನ್‌ಗಳಲ್ಲಿ ಹತ್ತಕ್ಕೆ ಎಂಟು ಇವರದ್ದೇ. ಅದಕ್ಕೆ ಕಾರಣವೂ ಇದೆ. ಸಿಪಾಯಿಯಾಗಿ ಸೇರಿದವರು ಬೇರೆ ಸರ್ಕಾರಿ ನೌಕರರ ಹಾಗೆ ಅರವತ್ತಕ್ಕೆ ನಿವೃತ್ತರಾಗುವುದಿಲ್ಲ. ನಲವತ್ತರ ಆಸುಪಾಸಿನಲ್ಲೇ ಊರಿಗೆ ಬಂದುಬಿಡುತ್ತಾರೆ. ಆಗ ಮಕ್ಕಳು ಇನ್ನೂ ಶಾಲೆಯಲ್ಲಿ, ಅಪ್ಪ-ಅಮ್ಮನಿಗೆ ವಯಸ್ಸಾಗುತ್ತಿರುತ್ತದೆ. ಅಂದರೆ ಆಸ್ಪತ್ರೆಯ ನಿಜವಾದ ಅಗತ್ಯ ಶುರುವಾಗೋದೇ ಯೂನಿಫಾರ್ಮ್ ಬಿಚ್ಚಿಟ್ಟ ಮೇಲೆ.

2003ಕ್ಕಿಂತ ಮೊದಲು ಇವರ ಪಾಡು ಕಷ್ಟದ್ದು. ಮಿಲಿಟರಿ ಆಸ್ಪತ್ರೆಯಲ್ಲಿ ಜಾಗ ಇದ್ದರೆ, ಸೌಲಭ್ಯ ಇದ್ದರೆ ಮಾತ್ರ ಚಿಕಿತ್ಸೆ. ಸೇವೆಯಲ್ಲಿದ್ದವರಿಗೆ ಮೊದಲ ಆದ್ಯತೆ. ಹೃದಯ, ಕಿಡ್ನಿ, ಕ್ಯಾನ್ಸರ್ ಅಂತ ಬಂದರೆ ಜಮೀನು ಮಾರಿಕೊಂಡವರಿದ್ದಾರೆ. ಸಿವಿಲ್ ಸರ್ಕಾರಿ ನೌಕರರಿಗೆ ನಿವೃತ್ತಿಯ ನಂತರವೂ ಸಿಜಿಎಚ್‌ಎಸ್ ಇತ್ತು, ಸೈನಿಕರಿಗೆ ಅಂಥದ್ದು ಇರಲಿಲ್ಲ. 2003ರ ಏಪ್ರಿಲ್ 1ರಂದು ಆರಂಭವಾದದ್ದೇ ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ. ಎಲ್ಲರ ಬಾಯಲ್ಲಿ ಇರೋದು ಅದರ ಇಂಗ್ಲಿಷ್ ಹೆಸರಿನ ಚಿಕ್ಕ ರೂಪ, ಇಸಿಎಚ್‌ಎಸ್. ಆ ದಿನದ ನಂತರ ಪಿಂಚಣಿಯೊಂದಿಗೆ ನಿವೃತ್ತರಾದವರೆಲ್ಲ ಇದಕ್ಕೆ ಕಡ್ಡಾಯವಾಗಿ ಸದಸ್ಯರು.

ಇದು ಇನ್ಶೂರೆನ್ಸ್ ಅಲ್ಲ. ಈ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಯೋಜನೆಯ ನಿಜವಾದ ಬೆಲೆ ಇಲ್ಲಿದೆ. ವಿಮೆ ಕಂಪನಿ ನಿಮ್ಮ ವಯಸ್ಸು ಕೇಳುತ್ತದೆ, ಶುಗರ್ ಇದೆಯಾ ಬಿಪಿ ಇದೆಯಾ ಅಂತ ಕೇಳುತ್ತದೆ, ಮೊದಲೇ ಇದ್ದ ಕಾಯಿಲೆಗೆ ಇಷ್ಟು ವರ್ಷ ಕಾಯಬೇಕು ಅನ್ನುತ್ತದೆ. ಐದು ಲಕ್ಷವೋ ಹತ್ತು ಲಕ್ಷವೋ, ಅಲ್ಲಿಗೆ ಮುಗಿಯಿತು. ವರ್ಷ ವರ್ಷ ಕಂತು ಏರುತ್ತದೆ. ಇಸಿಎಚ್‌ಎಸ್‌ನಲ್ಲಿ ವೈದ್ಯಕೀಯ ಪರೀಕ್ಷೆ ಇಲ್ಲ, ವಯಸ್ಸಿನ ಮಿತಿ ಇಲ್ಲ, ಹಳೇ ಕಾಯಿಲೆಗೂ ಮೊದಲ ದಿನದಿಂದಲೇ ಚಿಕಿತ್ಸೆ. ಖರ್ಚಿಗೆ ಇಂತಿಷ್ಟೇ ಅಂತ ಗರಿಷ್ಠ ಮಿತಿ ಇಲ್ಲ. ಡಯಾಲಿಸಿಸ್ ಹತ್ತು ವರ್ಷ ಬೇಕಾದರೆ ಹತ್ತು ವರ್ಷ.

ಇದಕ್ಕೆ ಸೈನಿಕ ಕೊಡುವುದು ಒಂದೇ ಸಲದ ವಂತಿಗೆ. 2017ರ ಡಿಸೆಂಬರ್ ಕೊನೆಯಲ್ಲಿ ಪರಿಷ್ಕರಿಸಿದ ದರದಂತೆ ಸಿಪಾಯಿಯಿಂದ ಹವಾಲ್ದಾರ್‌ವರೆಗೆ 30,000 ರೂಪಾಯಿ, ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗೆ 67,000, ಅಧಿಕಾರಿಗಳಿಗೆ 1,20,000. ನಿವೃತ್ತಿಯ ಸಮಯದಲ್ಲಿ ಇದನ್ನು ಮುರಿದುಕೊಳ್ಳುತ್ತಾರೆ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ ವಂತಿಗೆ ಇಲ್ಲ. 1996ರ ಜನವರಿ 1ಕ್ಕಿಂತ ಮೊದಲು ನಿವೃತ್ತರಾದವರಿಗೂ ಇಲ್ಲ. ಅರವತ್ತೈದು ದಾಟಿದ ಗಂಡ-ಹೆಂಡತಿಗೆ ಖಾಸಗಿ ವಿಮೆ ಮಾಡಿಸಲು ಹೋಗಿ ನೋಡಿ, ಈ 30,000 ಒಂದು ವರ್ಷದ ಕಂತಿಗೂ ಸಾಲದೇ ಹೋಗಬಹುದು. ಇಲ್ಲಿ ಅದು ಇಡೀ ಜೀವಮಾನಕ್ಕೆ, ಇಡೀ ಕುಟುಂಬಕ್ಕೆ.

ರ‍್ಯಾಂಕ್‌ನ ವ್ಯತ್ಯಾಸ ಆಸ್ಪತ್ರೆಯ ಕೋಣೆಯಲ್ಲೂ ಕಾಣುತ್ತದೆ. ಹವಾಲ್ದಾರ್‌ವರೆಗಿನವರ ಮನೆಯವರಿಗೆ ಜನರಲ್ ವಾರ್ಡ್, ಜೆಸಿಒಗಳಿಗೆ ಸೆಮಿ ಪ್ರೈವೇಟ್, ಅಧಿಕಾರಿಗಳಿಗೆ ಪ್ರೈವೇಟ್ ರೂಮ್. ಔಷಧ, ಆಪರೇಷನ್ ಎಲ್ಲರಿಗೂ ಒಂದೇ. ಹಾಸಿಗೆ ಬೇರೆ. ಇದು ಸರಿಯೋ ತಪ್ಪೋ ಅಂತ ಪ್ಯಾನೆಲ್ ಚರ್ಚೆ ಮಾಡಬಹುದು, ಇವತ್ತು ಬೇಡ.

'ಕುಟುಂಬ' ಅಂದರೆ ಯಾರು? ಫೋನ್‌ನಲ್ಲಿ ಅತಿ ಹೆಚ್ಚು ಜಗಳ ಇಲ್ಲೇ. ಗಂಡ ಅಥವಾ ಹೆಂಡತಿ ಇದ್ದೇ ಇದ್ದಾರೆ. ಹೌದು, ಗಂಡ ಕೂಡ. ಈಗ ಹೆಣ್ಣುಮಕ್ಕಳೂ ಸೇನೆಯಿಂದ ನಿವೃತ್ತರಾಗುತ್ತಿದ್ದಾರೆ. ಮಗನಿಗೆ 25 ವರ್ಷ ತುಂಬುವವರೆಗೆ ಅಥವಾ ದುಡಿಯಲು ಶುರು ಮಾಡುವವರೆಗೆ ಅಥವಾ ಮದುವೆಯಾಗುವವರೆಗೆ, ಇದರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ. ಮಗಳಿಗೆ ವಯಸ್ಸಿನ ಮಿತಿ ಇಲ್ಲ, ಮದುವೆ ಅಥವಾ ಸಂಪಾದನೆಯವರೆಗೆ. ಗಂಡನನ್ನು ಕಳೆದುಕೊಂಡು ಅಥವಾ ವಿಚ್ಛೇದನವಾಗಿ ತವರಿಗೆ ಬಂದು ಅಪ್ಪನನ್ನೇ ಅವಲಂಬಿಸಿದ ಮಗಳೂ ಸೇರುತ್ತಾಳೆ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಅಂಗವೈಕಲ್ಯ ಇರುವ ಮಗುವಿಗೆ, ಪ್ರಮಾಣಪತ್ರ ಇದ್ದರೆ, 25ರ ಮಿತಿ ಅನ್ವಯಿಸುವುದಿಲ್ಲ. ಅಪ್ಪ-ಅಮ್ಮನಿಗೂ ಇದೆ, ಆದರೆ ಅವರ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮಿತಿಯೊಳಗಿರಬೇಕು. ಅಪ್ಪ ಮೇಷ್ಟ್ರಾಗಿದ್ದು ಪೆನ್ಶನ್ ಬರುತ್ತಿದ್ದರೆ ಸಾಮಾನ್ಯವಾಗಿ ಅಲ್ಲಿಗೆ ಬಾಗಿಲು ಮುಚ್ಚಿತು.

ಇಷ್ಟೆಲ್ಲ ಕೇಳಿದ ಮೇಲೆ ಯಾರಿಗಾದರೂ ಅನಿಸುತ್ತದೆ, ಇಷ್ಟು ಒಳ್ಳೇ ಯೋಜನೆ ಇದ್ದ ಮೇಲೆ ಫೋನ್ ಯಾಕೆ ಬರ್ತವೆ ಅಂತ. ನಾನು ಎಂಜಿನಿಯರಿಂಗ್ ಓದಿದವನು. ಅಲ್ಲಿ ಮೇಷ್ಟ್ರು ಒಂದು ಮಾತು ಕಲಿಸ್ತಿದ್ರು: ಎಷ್ಟೇ ದೊಡ್ಡ ಯಂತ್ರ ಮಾಡಿ, ಅದು ಯಾವ ಒಂದೇ ಒಂದು ಬೋಲ್ಟಿನ ಮೇಲೆ ನಿಂತಿದೆ ಅಂತ ಮೊದಲು ಹುಡುಕಿ. ಇಸಿಎಚ್‌ಎಸ್‌ನಲ್ಲಿ ಆ ಬೋಲ್ಟ್ ಯಾವುದು ಗೊತ್ತಾ? ಗಂಡನ ಸೇವಾ ದಾಖಲೆಯಲ್ಲಿ ಹೆಂಡತಿಯ ಹೆಸರು.

ಮದುವೆಯಾದಾಗ ಸೈನಿಕ ತನ್ನ ಯೂನಿಟ್‌ಗೆ ತಿಳಿಸಬೇಕು. ಯೂನಿಟ್ ಅದನ್ನು 'ಪಾರ್ಟ್ ಟು ಆರ್ಡರ್' ಅನ್ನುವ ಪ್ರಕಟಣೆಯಲ್ಲಿ ಹಾಕುತ್ತದೆ. ಮಗು ಹುಟ್ಟಿದರೂ ಹಾಗೆಯೇ. ಅದು ರೆಕಾರ್ಡ್ ಆಫೀಸಿಗೆ ಹೋಗುತ್ತದೆ, ಅಲ್ಲಿಂದ ಪಿಂಚಣಿ ಆದೇಶಕ್ಕೆ, ಅಂದರೆ ಪಿಪಿಒಗೆ. ಪಿಪಿಒದಲ್ಲಿ ಇರುವ ಹೆಸರೇ ಕಾರ್ಡಿಗೆ ಆಧಾರ. ಅಲ್ಲಿ ಒಂದು ಅಕ್ಷರ ತಪ್ಪಿದರೆ ಆಧಾರ್ ಒಂದು ಹೇಳುತ್ತದೆ, ಸೇನೆ ಇನ್ನೊಂದು ಹೇಳುತ್ತದೆ.

ನಮ್ಮ ನಾಡಿನ ಹೆಸರುಗಳನ್ನು ಯೋಚಿಸಿ. ದಾಖಲೆಯಲ್ಲಿ ಪಾರ್ವತಿ, ಆಧಾರ್‌ನಲ್ಲಿ ಪಾರ್ವತಮ್ಮ, ರೇಷನ್ ಕಾರ್ಡಿನಲ್ಲಿ ಪಾರ್ವತವ್ವ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮದುವೆಯಲ್ಲಿ ಸೊಸೆಯ ಹೆಸರನ್ನೇ ಬದಲಿಸುತ್ತಾರೆ. ತವರಿನ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ, ಗಂಡನ ಮನೆಯ ಹೆಸರು ಸೇನೆಯಲ್ಲಿ. ಕೊಡಗಿನಲ್ಲಿ ಮನೆಹೆಸರು ಮೊದಲು ಬರುತ್ತದೆ. ಒಂದು ಕಾಗದದಲ್ಲಿ ಅದು ಇನಿಶಿಯಲ್, ಇನ್ನೊಂದರಲ್ಲಿ ಪೂರ್ತಿ, ಮತ್ತೊಂದರಲ್ಲಿ ಹೆಸರಿನ ಕೊನೆಗೆ. ಉತ್ತರ ಭಾರತದ ಯಾವುದೋ ಊರಿನಲ್ಲಿ ಕೂತ ಗುಮಾಸ್ತ 1988ರಲ್ಲಿ ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದದ್ದು ಇವತ್ತು ಮೂಲ ದಾಖಲೆ. ಅವನನ್ನು ಬೈದು ಪ್ರಯೋಜನ ಇಲ್ಲ. ನಮ್ಮ ಹೆಸರುಗಳು ಒಂದೇ ಪೆಟ್ಟಿಗೆಯಲ್ಲಿ ಕೂರುವಂಥವಲ್ಲ.

ಗಂಡ ಸೇವೆಯಲ್ಲಿ ಇದ್ದಾಗ ಇದನ್ನು ಸರಿಪಡಿಸುವುದು ಯೂನಿಟ್ ಗುಮಾಸ್ತರ ಟೇಬಲ್‌ನ ಕೆಲಸ. ನಿವೃತ್ತಿಯ ನಂತರ ರೆಕಾರ್ಡ್ ಆಫೀಸಿನ ಜೊತೆ ಪತ್ರ ವ್ಯವಹಾರ, ಅಫಿಡವಿಟ್, ಓಡಾಟ. ಗಂಡ ತೀರಿಕೊಂಡ ಮೇಲೆ? "ಇವರೇ ನನ್ನ ಹೆಂಡತಿ" ಅಂತ ಹೇಳಬೇಕಾದ ಮನುಷ್ಯನೇ ಇಲ್ಲ. ನಲವತ್ತು ವರ್ಷ ಸಂಸಾರ ಮಾಡಿದವಳು ತಾನು ಹೆಂಡತಿ ಅಂತ ರುಜುವಾತು ಮಾಡಬೇಕು. ಕುಟುಂಬ ಪಿಂಚಣಿಯೂ ಅಲ್ಲೇ ನಿಲ್ಲುತ್ತದೆ, ಕಾರ್ಡೂ ಅಲ್ಲೇ ನಿಲ್ಲುತ್ತದೆ. ಶುಗರ್ ಮಾತ್ರ ನಿಲ್ಲುವುದಿಲ್ಲ ನೋಡಿ.

ಹಾಗಾಗಿ ಆ ಎಂಟು ತಿಂಗಳ ಪ್ರಶ್ನೆಗೆ ಉತ್ತರ ಹೀಗಿದೆ. ಅಮ್ಮಾ, ನಿಮ್ಮ ಹಕ್ಕು ಯಜಮಾನರ ಜೊತೆ ಹೋಗಿಲ್ಲ. ಕುಟುಂಬ ಪಿಂಚಣಿ ಪಡೆಯುವವರಾಗಿ ಈಗ ನೀವೇ ಮುಖ್ಯ ಸದಸ್ಯೆ. ಅವರು ವಂತಿಗೆ ಕಟ್ಟಿದ್ದರೆ ನೀವು ಮತ್ತೆ ಕಟ್ಟುವ ಹಾಗಿಲ್ಲ. ಆದರೆ ಅವರ ಮರಣವನ್ನು ತಿಳಿಸಿ, ನಿಮ್ಮ ಹೆಸರಿನಲ್ಲಿ ಹೊಸ ಕಾರ್ಡಿಗೆ ಅರ್ಜಿ ಹಾಕಬೇಕು. ಈಗಿರುವುದು 64 ಕೆಬಿ ಸ್ಮಾರ್ಟ್ ಕಾರ್ಡ್, ಅರ್ಜಿ ಆನ್‌ಲೈನ್. ಮೊಮ್ಮಕ್ಕಳಿಂದ ಹಾಕಿಸಿ, ಆಗದಿದ್ದರೆ ನಿಮ್ಮ ಪಾಲಿಕ್ಲಿನಿಕ್‌ನಲ್ಲಿ ಕೇಳಿ. ದಾಖಲೆಯಲ್ಲಿ ಹೆಸರಿನ ತೊಡಕಿದ್ದರೆ ಮೊದಲು ಹೋಗಬೇಕಾದ ಜಾಗ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ. ಅದು ರಾಜ್ಯ ಸರ್ಕಾರದ್ದು, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕಾರ್ಡ್ ಕೈಯಲ್ಲಿ ಇದ್ದವರ ದಾರಿ. ದೇಶದಲ್ಲಿ 400ಕ್ಕೂ ಹೆಚ್ಚು ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗಳಿವೆ. ನಮ್ಮಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿ, ಮಂಗಳೂರು, ಮಡಿಕೇರಿ, ವಿರಾಜಪೇಟೆ ಹೀಗೆ ಹಲವು ಕಡೆ ಇವೆ. ಮೊದಲು ಅಲ್ಲಿಗೆ ಹೋಗಬೇಕು. ಸಣ್ಣಪುಟ್ಟದಕ್ಕೆ ಅಲ್ಲೇ ಔಷಧ. ದೊಡ್ಡದಾದರೆ ಅಲ್ಲಿನ ವೈದ್ಯರು ರೆಫರಲ್ ಬರೆಯುತ್ತಾರೆ. ಒಪ್ಪಂದ ಮಾಡಿಕೊಂಡ ಖಾಸಗಿ ಆಸ್ಪತ್ರೆಗಳ ಪಟ್ಟಿಯಿಂದ ನೀವು ಆಯ್ದುಕೊಳ್ಳಬಹುದು. ಅಲ್ಲಿ ನಿಮ್ಮ ಅರ್ಹತೆಯ ಚಿಕಿತ್ಸೆಗೆ ಒಂದು ರೂಪಾಯಿ ಕೂಡ ಕೊಡುವ ಹಾಗಿಲ್ಲ, ಬಿಲ್ ಸರ್ಕಾರಕ್ಕೆ ಹೋಗುತ್ತದೆ. ಪಾಲಿಕ್ಲಿನಿಕ್‌ನಲ್ಲಿ ಬರೆದುಕೊಟ್ಟ ಮಾತ್ರೆ ಸ್ಟಾಕ್ ಇಲ್ಲದಿದ್ದರೆ ಸುಮ್ಮನೆ ವಾಪಸ್ ಬರಬೇಡಿ. ಔಷಧ ಲಭ್ಯವಿಲ್ಲ ಅಂತ ಬರೆಸಿಕೊಳ್ಳಿ. ಗೊತ್ತುಮಾಡಿದ ಔಷಧ ಅಂಗಡಿಯಿಂದ ಕೊಡಿಸುವ ವ್ಯವಸ್ಥೆ ಇದೆ, ಅದೂ ಆಗದಿದ್ದರೆ ಹೊರಗೆ ಕೊಂಡು ಹಣ ವಾಪಸ್ ಕೇಳುವ ದಾರಿಯೂ ಇದೆ. ಆ ಚೀಟಿ ಇಲ್ಲದೆ ಕೊಂಡ ಮಾತ್ರೆ ನಿಮ್ಮ ಖರ್ಚು.

ಕೊಡಗಿನ ಉದಾಹರಣೆ ತಗೊಳ್ಳಿ. ಮನೆಗೊಬ್ಬ ಸೈನಿಕ ಅನ್ನುವ ನಾಡು, ಕಾರ್ಯಪ್ಪ, ತಿಮ್ಮಯ್ಯನವರ ನಾಡು. ಪಾಲಿಕ್ಲಿನಿಕ್ ಎರಡಿವೆ ಅಂತ ಸಮಾಧಾನ. ಆದರೆ ಹೃದಯದ ಆಪರೇಷನ್ನೋ ಕ್ಯಾನ್ಸರ್ ಚಿಕಿತ್ಸೆಯೋ ಅಂದರೆ ಜನ ನಡೆಯೋದು ಮೈಸೂರಿಗೆ ಅಥವಾ ಮಂಗಳೂರಿಗೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಳೆಗಾಲದಲ್ಲಿ ಮಂಗಳೂರು ದಾರಿಯ ಘಾಟಿ ಕುಸಿದರೆ ಆ ಕಡೆ ಬಂದ್. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಹೆಂಗಸು ಒಬ್ಬರೇ. ಅವರು ತೋಟದ ಮನೆಯಿಂದ ಜೀಪು ಮಾಡಿಕೊಂಡು ಪಾಲಿಕ್ಲಿನಿಕ್‌ಗೆ ಬಂದು, ರೆಫರಲ್ ತಗೊಂಡು, ಬಸ್ಸಿನಲ್ಲಿ ಮೈಸೂರಿಗೆ ಹೋಗಿ, ಅಲ್ಲಿ ಇನ್ನೊಂದು ಟೆಸ್ಟ್ ಬೇಕು ಅಂದರೆ ಏನು ಗತಿ ಅಂತ ಯೋಚಿಸಿ. ಚಿಕಿತ್ಸೆ ಉಚಿತ. ಅದನ್ನು ಮುಟ್ಟುವುದು ಉಚಿತ ಅಲ್ಲ.

ಎದೆನೋವು ಬಂದಾಗ ರೆಫರಲ್‌ಗೆ ಕಾಯಬೇಕಾ? ಬೇಡ. ಇದನ್ನು ಮನೆಯವರೆಲ್ಲ ಬಾಯಿಪಾಠ ಮಾಡಿಕೊಳ್ಳಿ. ತುರ್ತು ಪರಿಸ್ಥಿತಿಯಲ್ಲಿ ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೆ ನುಗ್ಗಿ. ಅದು ಒಪ್ಪಂದದ ಆಸ್ಪತ್ರೆಯಾದರೆ ಕಾರ್ಡ್ ತೋರಿಸಿ, ಪಾಲಿಕ್ಲಿನಿಕ್‌ಗೆ ತಿಳಿಸುವ ಕೆಲಸ ಆಸ್ಪತ್ರೆಯದ್ದು. ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಯಾದರೆ ಹಣ ನೀವೇ ಕಟ್ಟಬೇಕು, ಆಮೇಲೆ ವಾಪಸ್ ಕೇಳಬೇಕು. ಆಗ ಎರಡು ವಿಷಯ ಮರೀಬೇಡಿ. ಹತ್ತಿರದ ಪಾಲಿಕ್ಲಿನಿಕ್‌ಗೆ 48 ಗಂಟೆಯೊಳಗೆ ಸುದ್ದಿ ಮುಟ್ಟಿಸಬೇಕು. ಮತ್ತು ಡಿಸ್ಚಾರ್ಜ್ ಸಮ್ಮರಿ, ಮೂಲ ಬಿಲ್ಲುಗಳು, ತುರ್ತು ಇತ್ತು ಅಂತ ವೈದ್ಯರು ಬರೆದ ಪತ್ರ, ಮೂರೂ ಕೈಯಲ್ಲಿರಬೇಕು. ಹಣ ವಾಪಸ್ ಬರುವುದು ಸಿಜಿಎಚ್‌ಎಸ್ ದರದಲ್ಲಿ. ಆಸ್ಪತ್ರೆ ನಾಲ್ಕು ಲಕ್ಷ ಬಿಲ್ ಮಾಡಿ, ಆ ದರ ಎರಡು ಲಕ್ಷ ಇದ್ದರೆ ಉಳಿದ ಎರಡು ಲಕ್ಷ ನಿಮ್ಮದೇ. ಈ 48 ಗಂಟೆಯ ನಿಯಮ ಗಂಡನಿಗೆ ಗೊತ್ತಿರುತ್ತದೆ. ಐಸಿಯುನಲ್ಲಿ ಮಲಗಿರುವವನು ಅವನೇ ಆದರೆ? ಹೊರಗೆ ಬೆಂಚಿನ ಮೇಲೆ ಕೂತವರಿಗೆ ಇದನ್ನು ಯಾರು ಹೇಳಿದ್ದಾರೆ?

ಈಗ ಆ ಮೂರನೇ ಫೋನ್. "ಕಾರ್ಡ್ ಇದ್ದರೂ ಮೊದಲು ದುಡ್ಡು ಕಟ್ಟಿ" ಅಂದ ಆಸ್ಪತ್ರೆ. "ಇಸಿಎಚ್‌ಎಸ್ ಬೆಡ್ ಖಾಲಿ ಇಲ್ಲ" ಅನ್ನುವುದು ಇನ್ನೊಂದು ಮಾತು. ಕ್ಯಾಶ್ ಕೊಡುವವರಿಗೆ ಬೆಡ್ ಖಾಲಿ ಇರುತ್ತದೆ ಅನ್ನೋದು ನಮಗೂ ಗೊತ್ತು, ನಿಮಗೂ ಗೊತ್ತು. ಒಪ್ಪಂದಕ್ಕೆ ಸಹಿ ಹಾಕಿದ ಆಸ್ಪತ್ರೆ ಹೀಗೆ ಮಾಡುವ ಹಾಗಿಲ್ಲ. ಮಾಡಿದರೆ ಪಾಲಿಕ್ಲಿನಿಕ್‌ಗೆ, ಪ್ರಾದೇಶಿಕ ಕೇಂದ್ರಕ್ಕೆ ಲಿಖಿತ ದೂರು ಕೊಡಿ. ಬೆಂಗಳೂರಿನಲ್ಲೇ ಪ್ರಾದೇಶಿಕ ಕೇಂದ್ರ ಇದೆ.

ಆದರೆ ಆಸ್ಪತ್ರೆಗಳು ಯಾಕೆ ಹೀಗಾಡ್ತವೆ ಅಂತಲೂ ಕೇಳಬೇಕಲ್ವಾ? ರೋಗಿ ಮನೆಗೆ ಹೋದ ಮೇಲೆ ಆಸ್ಪತ್ರೆ ಬಿಲ್ ಅನ್ನು ಕಂಪ್ಯೂಟರಿನಲ್ಲಿ ಏರಿಸುತ್ತದೆ. ಯುಟಿಐಐಟಿಎಸ್‌ಎಲ್ ಅನ್ನುವ ಸಂಸ್ಥೆ ಅದನ್ನು ಪರಿಶೀಲಿಸಿ, ಕಡಿತ ಮಾಡಿ, ಮುಂದಕ್ಕೆ ಕಳಿಸುತ್ತದೆ. ಆಮೇಲೆ ಇಸಿಎಚ್‌ಎಸ್ ಮಂಜೂರಾತಿ, ಆಮೇಲೆ ಬಜೆಟ್‌ನಲ್ಲಿ ಹಣ ಇದ್ದರೆ ಪಾವತಿ. ಹಣಕಾಸು ವರ್ಷದ ಕೊನೆಯ ತಿಂಗಳುಗಳಲ್ಲಿ ಹಣ ಬಂದಿಲ್ಲ ಅನ್ನುವ ದೂರು ಆಸ್ಪತ್ರೆಗಳಿಂದ ಪದೇ ಪದೇ ಬರುತ್ತದೆ. ದರದ ಕಥೆಯೂ ಹಾಗೆಯೇ. 2014ರ ಸಿಜಿಎಚ್‌ಎಸ್ ದರಪಟ್ಟಿ ಅಲ್ಲಲ್ಲಿ ತೇಪೆ ಹಚ್ಚಿಕೊಂಡು ಹತ್ತು ವರ್ಷಕ್ಕೂ ಮೀರಿ ಓಡಿತು. ಆ ಹತ್ತು ವರ್ಷದಲ್ಲಿ ಆಸ್ಪತ್ರೆಯ ಯಾವ ಖರ್ಚು ಏರದೆ ನಿಂತಿತ್ತು? ಹಾಗಂತ ಆಸ್ಪತ್ರೆಗಳು ಪಾಪದವು ಅಂತ ನಾನು ಹೇಳಲ್ಲ. ಬೇಡದ ಟೆಸ್ಟ್, ಉಬ್ಬಿಸಿದ ಬಿಲ್ ಇದ್ದದ್ದಕ್ಕೇ ಪರಿಶೀಲನೆ ಬಂದದ್ದು. ಸರ್ಕಾರಕ್ಕೂ ಆಸ್ಪತ್ರೆಗೂ ಲೆಕ್ಕದ ಜಗಳ ಇದ್ದರೆ ಇಬ್ಬರೂ ಕೂತು ಬಗೆಹರಿಸಿಕೊಳ್ಳಲಿ. ನಡುವೆ ಸ್ಟ್ರೆಚರ್ ಮೇಲೆ ಮಲಗಿರುವವಳು ಮೂವತ್ತು ಸಾವಿರ ಮೊದಲೇ ಕಟ್ಟಿಸಿಕೊಂಡ ಯೋಜನೆಯ ಸದಸ್ಯೆ. ಅವಳದ್ದು ಬಾಕಿ ಏನೂ ಇಲ್ಲ.

ಇನ್ನು ಕೆಲವರು ಬಾಗಿಲ ಹೊರಗೇ ನಿಂತುಬಿಟ್ಟಿದ್ದಾರೆ. 2003ಕ್ಕಿಂತ ಮೊದಲು ನಿವೃತ್ತರಾದ ಹಿರಿಯರಿಗೆ ಸೇರುವುದು ಬಿಡುವುದು ಅವರ ಇಷ್ಟವಾಗಿತ್ತು. ಸೇರದವರಿಗೆ ಪಿಂಚಣಿಯ ಜೊತೆ ವೈದ್ಯಕೀಯ ಭತ್ಯೆ, ಈಗ ತಿಂಗಳಿಗೆ 1,000 ರೂಪಾಯಿ. ಸೇರಿದರೆ ಭತ್ಯೆ ನಿಲ್ಲುತ್ತದೆ. ಹಳ್ಳಿಯಲ್ಲಿ ಕೈಗೆ ಬರುವ ಸಾವಿರವೇ ವಾಸಿ ಅಂತ ಉಳಿದವರಿದ್ದಾರೆ. ಅವರ ಹೆಂಡತಿಯರಿಗೆ ಈಗ ಎಪ್ಪತ್ತೈದು, ಎಂಬತ್ತು. ಮನೆಯಲ್ಲಿ ಅಂಥ ಅಜ್ಜಿ ಇದ್ದರೆ ಅವರ ಪಿಪಿಒ ತೆಗೆದು ನೋಡಿ. 1996ಕ್ಕಿಂತ ಮೊದಲಿನ ನಿವೃತ್ತಿಯಾದರೆ ವಂತಿಗೆಯೂ ಇಲ್ಲ ಅಂತ ಆಗಲೇ ಹೇಳಿದೆ. ಅಲ್ಪಾವಧಿ ಸೇವೆ ಮಾಡಿ ಪಿಂಚಣಿ ಇಲ್ಲದೆ ಹೊರಬಂದ ಶಾರ್ಟ್ ಸರ್ವಿಸ್ ಅಧಿಕಾರಿಗಳು, ಎರಡನೇ ಮಹಾಯುದ್ಧದ ಕಾಲದ ಯೋಧರು ಹದಿನಾರು ವರ್ಷ ಹೊರಗಿದ್ದರು. 2019ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಅವರಿಗೂ ಬಾಗಿಲು ತೆರೆಯಿತು.

ಆಯುಷ್ಮಾನ್ ಬಗ್ಗೆಯೂ ಕೇಳ್ತಾರೆ. 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ ಐದು ಲಕ್ಷದ ಆಯುಷ್ಮಾನ್ ರಕ್ಷಣೆ ಬಂತಲ್ಲ, ಎರಡನ್ನೂ ಇಟ್ಟುಕೊಳ್ಳಬಹುದಾ? ಇಲ್ಲ. ಇಸಿಎಚ್‌ಎಸ್‌ನಲ್ಲಿ ಇರುವವರು ಎರಡರಲ್ಲಿ ಒಂದನ್ನು ಆರಿಸಬೇಕು. ಯಾರೋ ಕ್ಯಾಂಪ್ ಹಾಕಿ ಬೆರಳಚ್ಚು ತಗೊಂಡು ಹೊಸ ಕಾರ್ಡ್ ಕೊಡ್ತೀವಿ ಅಂದರೆ ಅವಸರ ಬೇಡ. ಆಯುಷ್ಮಾನ್ ಇರುವುದು ಆಸ್ಪತ್ರೆಗೆ ದಾಖಲಾದಾಗ, ವರ್ಷಕ್ಕೆ ಐದು ಲಕ್ಷದವರೆಗೆ. ತಿಂಗಳು ತಿಂಗಳು ಬೇಕಾದ ಬಿಪಿ, ಶುಗರ್ ಮಾತ್ರೆ ಇಸಿಎಚ್‌ಎಸ್‌ನಲ್ಲಿ ಸಿಗುತ್ತದೆ, ಅದಕ್ಕೆ ಮಿತಿಯೂ ಇಲ್ಲ. ನನ್ನನ್ನು ಕೇಳಿದರೆ, ಪಾಲಿಕ್ಲಿನಿಕ್ ತಲುಪುವ ದೂರದಲ್ಲಿ ಇದ್ದವರು ಇಸಿಎಚ್‌ಎಸ್ ಬಿಡಬಾರದು. ತೀರಾ ದೂರ ಇದ್ದು, ಓಡಾಡಿಸುವವರೂ ಇಲ್ಲದವರು ಯೋಚಿಸಲಿ.

ಕೊನೆಗೆ ಹುಡುಗರ ಅಪ್ಪ-ಅಮ್ಮಂದಿರು ಕೇಳುವ ಪ್ರಶ್ನೆ. 2022ರ ಜೂನ್‌ನಲ್ಲಿ ಅಗ್ನಿಪಥ ಬಂತು. ಅಗ್ನಿವೀರರಿಗೆ ಸೇವೆ ನಾಲ್ಕು ವರ್ಷ. ಅಷ್ಟು ದಿನ ಅವರಿಗೆ ಸೇನಾ ಆಸ್ಪತ್ರೆ ಇದೆ, 48 ಲಕ್ಷ ರೂಪಾಯಿಯ ಜೀವ ವಿಮೆಯೂ ಇದೆ. ನಾಲ್ಕು ವರ್ಷದ ನಂತರ ಶೇಕಡಾ 25ರವರೆಗೆ ಮಾತ್ರ ಕಾಯಂ ಆಗುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ತಗೊಂಡು ಮನೆಗೆ ಬರುತ್ತಾರೆ. ಅವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನ ಇಲ್ಲ, ಇಸಿಎಚ್‌ಎಸ್ ಇಲ್ಲ. ಇದು ನೇಮಕಾತಿಯ ಷರತ್ತಿನಲ್ಲೇ ಇದೆ, ಯಾರೂ ಮುಚ್ಚಿಟ್ಟಿಲ್ಲ. ಆದರೆ ಊರಿನಲ್ಲಿ ಹಾಕುವ ಅಭಿನಂದನೆಯ ಫ್ಲೆಕ್ಸ್‌ನಲ್ಲಿ ಷರತ್ತು ಬರೆಯೋದಿಲ್ಲ. ಮಗ ಮಿಲಿಟ್ರಿ ಸೇರಿದ, ಇನ್ನು ನಮ್ಮ ಆಸ್ಪತ್ರೆ ಖರ್ಚಿನ ಚಿಂತೆ ಇಲ್ಲ ಅಂತ ನೆಮ್ಮದಿಯಾಗಿರುವ ತಾಯಂದಿರಿದ್ದಾರೆ. ಹಳೆಯ ಲೆಕ್ಕದಲ್ಲಿ ಅವರು ಹೇಳುವುದು ಸರಿ, ಪಕ್ಕದ ಮನೆಯ ಹವಾಲ್ದಾರರ ತಾಯಿಗೆ ಹಾಗೇ ಆಗಿದೆ.

2022ರ ಕೊನೆ, 2023ರ ಆರಂಭದಲ್ಲಿ ತರಬೇತಿಗೆ ಸೇರಿದ ಮೊದಲ ತಂಡಗಳ ನಾಲ್ಕು ವರ್ಷ 2026ರ ಕೊನೆಯಿಂದ ಮುಗಿಯುತ್ತಾ ಬರುತ್ತದೆ. ಬರುವವರೆಲ್ಲ ಇಪ್ಪತ್ತರ ಹರೆಯದ ಹುಡುಗರು, ಮದುವೆ ಇನ್ನು ಮುಂದೆ, ಮಕ್ಕಳು ಇನ್ನು ಮುಂದೆ. ಆ ನಿಧಿಯಲ್ಲಿ ಸೈಟು, ಬೈಕು ಅಂತ ಮಾತು ಶುರುವಾಗುವ ಮೊದಲು ಅಪ್ಪ-ಅಮ್ಮನಿಗೂ ಸೇರಿಸಿ ಒಂದು ಆರೋಗ್ಯ ವಿಮೆ ಮಾಡಿಸಿಬಿಡಿ. ಅಪ್ಪನಿಗೆ ಐವತ್ತು ಇರುವಾಗ ಮಾಡಿಸಿದ ಕಂತಿಗೂ ಅರವತ್ತಕ್ಕೆ ಮಾಡಿಸುವ ಕಂತಿಗೂ ಬಹಳ ವ್ಯತ್ಯಾಸ ಇದೆ.